ಇಂದ್ರರು ಬಿದ್ದ ಬೆಳಿಗ್ಗೆ

ಬೆಳುವಾಯಿ ಪೇಟೆಯಿಂದ ಒಳಗೆ ಹೋಗುವ ರಸ್ತೆಯಲ್ಲಿ ಡಾಮರು ಮುಗಿದು ಕೆಂಪು ಮಣ್ಣು ಶುರುವಾಗುವಲ್ಲಿ ಒಂದು ಸಣ್ಣ ಬಸದಿಯಿದೆ. ಮೂಡುಬಿದಿರೆಗೆ ಬರುವ ಪ್ರವಾಸಿಗರು ಅಲ್ಲಿಯ ದೊಡ್ಡ ಬಸದಿಗಳನ್ನು ನೋಡಿ ಹಿಂದಿರುಗುತ್ತಾರೆ; ಇಲ್ಲಿಗೆ ಬರುವವರು ಊರಿನವರು ಮಾತ್ರ. ಒಳಗೆ ಮೊಳದೆತ್ತರದ ಪಾರ್ಶ್ವನಾಥ ಸ್ವಾಮಿ, ಪಕ್ಕದ ಗುಡಿಯಲ್ಲಿ ಪದ್ಮಾವತಿ ಅಮ್ಮ. ಬೆಳಕು ಹರಿಯುವ ಹೊತ್ತಿಗೆ ಅವರಿಗೆ ಅಭಿಷೇಕ ಮಾಡುವುದು ಮುನಿರಾಜ ಇಂದ್ರರ ಕೆಲಸ. ಬಸದಿಯ ಪೂಜೆ ಮಾಡುವವರನ್ನು ಈ ಕಡೆ ಇಂದ್ರರೆಂದೇ ಕರೆಯುವುದು.

ಮುನಿರಾಜರ ತಂದೆ ಇಂದ್ರರಾಗಿದ್ದರು, ಅಜ್ಜನೂ. ಹರೆಯದಲ್ಲಿ ಮುನಿರಾಜರು ಮಂಗಳೂರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತಿದ್ದರು. ತಂದೆಯ ಕೈ ನಡುಗಿ ಕಲಶ ಹಿಡಿಯಲಾಗದೆ ಹೋದಾಗ ಊರಿಗೆ ಬಂದರು, ಮತ್ತೆ ಹೋಗಲಿಲ್ಲ. ಬಾವಿಯ ತಣ್ಣೀರು ಮೈಮೇಲೆ ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ಒಳಗೆ ಹೋಗಿ ಅವರು ಮಂತ್ರ ಹೇಳಲು ತೊಡಗಿದರೆ, ಆ ಸ್ವರ ಕೇಳಿಯೇ ಸುತ್ತಲಿನ ನಾಲ್ಕಾರು ಮನೆಗಳಲ್ಲಿ ಒಲೆ ಹಚ್ಚುತ್ತಿದ್ದರು.

ಅವರ ಮಾತಿಗೆ ಊರಲ್ಲಿ ತೂಕವಿತ್ತು. ಹೆಣ್ಣು ನೋಡಲು ಯಾವ ದಿನ ಒಳ್ಳೆಯದು, ಮಗು ನಿದ್ದೆಯಲ್ಲಿ ಯಾಕೆ ಬೆಚ್ಚುತ್ತದೆ, ಬಾವಿ ಎಲ್ಲಿ ತೋಡಿಸುವುದು, ಎಲ್ಲವನ್ನೂ ಜನ ಬಸದಿಯ ಮೆಟ್ಟಿಲ ಬಳಿ ನಿಂತು ಕೇಳುತ್ತಿದ್ದರು. ಜೈನರಷ್ಟೇ ಅಲ್ಲ, ಎಲ್ಲರೂ. ಸ್ವಾಮಿಗೆ ಅಭಿಷೇಕ ಮಾಡಿದ ನೀರಿಗೆ ಗಂಧೋದಕ ಎನ್ನುತ್ತಾರೆ. ಅದನ್ನು ಹಣೆಗೆ, ಕಣ್ಣಿಗೆ ಹಚ್ಚಿಕೊಂಡು ಬಂದವರು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ಮದುವೆಯಾದ ಹೊಸತರಲ್ಲಿ ಒಬ್ಬರು ಮುನಿಗಳು ನಡೆದುಕೊಂಡು ಬಂದು ಬಸದಿಯಲ್ಲಿ ತಂಗಿದ್ದರು. ಅವರ ಮುಂದೆ ಮುನಿರಾಜರು ಒಂದು ನಿಯಮ ತೆಗೆದುಕೊಂಡರು. ಜೀವ ಇರುವವರೆಗೆ ಪ್ರತಿ ಚತುರ್ದಶಿ ಉಪವಾಸ. ಹಿಂದಿನ ದಿನ ಸೂರ್ಯ ಮುಳುಗುವ ಮೊದಲು ಉಂಡರೆ, ಚತುರ್ದಶಿ ಪೂರ್ತಿ ಏನೂ ಇಲ್ಲ. ಒಂದು ಸಲ ಕಾಸಿ ಆರಿಸಿದ ನೀರು, ಅಷ್ಟೇ. ಮರುದಿನ ಅಭಿಷೇಕ ಮುಗಿದ ಮೇಲೆ ಉಪವಾಸ ಬಿಡುವ ಪಾರಣೆ. ಮಧ್ಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು. ಉಪವಾಸ ನಿಲ್ಲಲಿಲ್ಲ. ಆ ಒಂದು ಲೋಟ ನೀರಿನಲ್ಲಿಯೇ ಸಕ್ಕರೆಯ ಮಾತ್ರೆಯನ್ನೂ ನುಂಗುತ್ತಿದ್ದರು. ಮಾತ್ರೆ ಔಷಧ, ಆಹಾರವಲ್ಲ ಎಂಬುದು ಅವರ ಲೆಕ್ಕ. ಆ ಲೆಕ್ಕವನ್ನು ಯಾವ ಡಾಕ್ಟರರ ಮುಂದೆಯೂ ಅವರು ಇಟ್ಟಿರಲಿಲ್ಲ. ವ್ರತವನ್ನು ಆಸ್ಪತ್ರೆಯಲ್ಲಿ ಹೇಳಿಕೊಳ್ಳುವುದು ಹೇಗೆ?

ಹೆಂಡತಿ ಕಮಲಾವತಿಗೂ ಸಕ್ಕರೆಯಿತ್ತು. ಜತೆಗೆ ಹೃದಯ ಸ್ವಲ್ಪ ದುರ್ಬಲ. ಮಗಳು ಅನಿಷಾ ಮೂಡುಬಿದಿರೆಯ ಸಹಕಾರಿ ಸೊಸೈಟಿಯಲ್ಲಿ ಕೆಲಸ ಮಾಡುತ್ತ ಅವರ ಜತೆಯಲ್ಲಿಯೇ ಇದ್ದಳು. ತಂದೆ ತಾಯಿ ಇಬ್ಬರ ಮಾತ್ರೆಯ ಡಬ್ಬಿ ತುಂಬಿಸುವವಳು ಅವಳೇ.

ಕೊರೋನಾದ ಎರಡನೆಯ ವರ್ಷ ಶಾಲೆಯಲ್ಲಿ ಲಸಿಕೆ ಕೊಡಲು ಶುರುಮಾಡಿದಾಗ ಆ ಬೈಲಿನ ಮನೆಗಳಿಂದ ಮೊದಲು ಹೋದವರು ಮುನಿರಾಜ ಇಂದ್ರರು. ಯಾರ ಒತ್ತಾಯವೂ ಇರಲಿಲ್ಲ. ಬಸದಿಗೆ ಹತ್ತು ಜನ ಬರುತ್ತಾರೆ, ತಾನು ಜಾಗ್ರತೆಯಲ್ಲಿರಬೇಕು ಎಂದು ತೋಳು ಕೊಟ್ಟು ಬಂದರು. ಮರುದಿನ ಚತುರ್ದಶಿ. ಅದರ ಮರುದಿನ ನಸುಕಿನಲ್ಲಿ ಅಭಿಷೇಕದ ನಡುವೆ ಅವರಿಗೆ ಕಣ್ಣು ಕತ್ತಲಾಯಿತು. ಕೈಯೊಳಗಿನ ಕಲಶ ಜಾರಿ ಪೀಠಕ್ಕೆ ಬಡಿಯಿತು. ಆ ಸದ್ದಿಗೆ ಬಸದಿಯ ಪಕ್ಕದ ತಮ್ಮ ಮನೆಯ ಅಂಗಳದಲ್ಲಿ ಹೂ ಕೊಯ್ಯುತ್ತಿದ್ದ ಕಮಲಾವತಿ ಓಡಿ ಬಂದರು. ಅಷ್ಟರಲ್ಲಿ ಇಂದ್ರರು ಹೇಗೋ ಹೊಸಲು ದಾಟಿ ಹೊರಗಿನ ಕಲ್ಲಿನ ಮೇಲೆ ಬಿದ್ದಿದ್ದರು.

ಮುಂದಿನದನ್ನು ಅವರೇ ಎಲ್ಲರಿಗೆ ಹೇಳಿದರು. "ಕಣ್ಣು ಬಿಡುವಾಗ ತಲೆಯಲ್ಲಿ ಗಂಧೋದಕ. ಮೈಗೆ ಜೀವ ಬಂತು. ಬಾಯಿಯೆಲ್ಲ ಸಿಹಿ, ಮಾರಾಯ್ರೇ! ಎರಡು ದಿನದಿಂದ ಏನೂ ತಿನ್ನದ ಬಾಯಿ, ಸಿಹಿ ಎಲ್ಲಿಂದ ಬರ್ಬೇಕು?"

ಚುಚ್ಚುಮದ್ದು ಬೀಳಿಸಿತು, ಪದ್ಮಾವತಿ ಅಮ್ಮ ಎಬ್ಬಿಸಿದಳು. ಹೀಗೆಂದು ಊರು ಹೇಳಿಕೊಂಡಿತು. ಮಾತು ಮನೆಯಿಂದ ಮನೆಗೆ ಹೋಗುವಾಗ ಸ್ವಲ್ಪ ಬೆಳೆಯಿತು ಕೂಡ. ಸಕ್ಕರೆ, ಬಿ.ಪಿ., ಹೃದಯದ ತೊಂದರೆ ಇದ್ದವರಿಗೆ ಆ ಇಂಜೆಕ್ಷನ್ ಆಗಿಬರುವುದಿಲ್ಲ ಎಂಬುದು ಮೆಟ್ಟಿಲ ಬಳಿಯ ಬುದ್ಧಿವಾದವಾಯಿತು. ಕೇಳಿದವರಿಗೆಲ್ಲ ಇಂದ್ರರು ಅದನ್ನೇ ಹೇಳಿದರು. ಸುಳ್ಳು ಹೇಳುವ ಮನುಷ್ಯ ಅವರಲ್ಲ. ತನ್ನ ಮೈಮೇಲೆ ನಡೆದದ್ದನ್ನು ಹೇಳಿದರು.

ಹಾಗೆ ಕೇಳಿದವರಲ್ಲಿ ಬಸದಿಯ ಅಂಗಳದ ಹುಲ್ಲು ಕೆರೆಯುತ್ತಿದ್ದ ತುಕ್ರಪ್ಪನೂ ಒಬ್ಬ. ಅವನಿಗೂ ಸಕ್ಕರೆಯಿತ್ತು, ಕಾಲಿನಲ್ಲಿ ಮಾಯದ ಗಾಯವಿತ್ತು. ಶಾಲೆಗೆ ಹೋಗಲೆಂದು ಇಸ್ತ್ರಿಯ ಅಂಗಿ ಹಾಕಿಕೊಂಡು ಹೊರಟವನು ದಾರಿಯಲ್ಲಿ ಬಸದಿಯ ಹತ್ತಿರ ನಿಂತ. "ನಾನು ಹೋಗುವುದಾ ಬೇಡವಾ ಇಂದ್ರರೇ?" ಎಂದು ಕೇಳಿದ. "ಬೇಡ ತುಕ್ರಪ್ಪ. ನಿನ್ನ ಮೈ ತಡೆಯುವುದಿಲ್ಲ" ಎಂದರು. ಅವನು ಅಲ್ಲಿಂದಲೇ ಮನೆಗೆ ತಿರುಗಿದ. ಆ ಮಳೆಗಾಲದಲ್ಲಿ ಕೊರೋನಾ ಅವನನ್ನು ಕೊಂಡುಹೋಯಿತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದೇಹವನ್ನು ಮನೆಗೆ ತರಲಿಲ್ಲ. ಅವನೊಟ್ಟಿಗಿದ್ದ ತಂಗಿ ರಾಜೀವಿ ಬೀಡಿ ಕಟ್ಟುತ್ತಾ ಒಬ್ಬಳೇ ಉಳಿದಳು.

ಅದಾಗಿ ಕೆಲವು ವರ್ಷಗಳು ಕಳೆದಿವೆ. ಇಂದ್ರರ ಮನೆಯಲ್ಲಿ ಮತ್ತೆ ಯಾರೂ ಲಸಿಕೆಯ ಮಾತೆತ್ತಲಿಲ್ಲ. ಒಮ್ಮೆ ಅನಿಷಾ, ಶುಗರಿನವರು ವರ್ಷಕ್ಕೊಮ್ಮೆ ಫ್ಲೂ ಇಂಜೆಕ್ಷನ್ ತೆಗೆದುಕೊಳ್ಳಬೇಕಂತೆ, ನಮ್ಮ ಸೊಸೈಟಿಯ ಮೇನೇಜರು ತೆಗೆದುಕೊಂಡರು ಎಂದಿದ್ದಳು. ತಾಯಿ, "ನಿನ್ನಪ್ಪನಿಗೆ ಬೇಡದ್ದು ನನಗೆಂಥಕ್ಕೆ?" ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದ್ದರು.

ಈ ಸಲ ಮಳೆ ಹಿಡಿದ ಹೊಸತರಲ್ಲಿ ಕಮಲಾವತಿಗೆ ಶೀತ ಬಂತು. ಶೀತ ಜ್ವರವಾಯಿತು, ಜ್ವರ ಕೆಮ್ಮಾಗಿ ಎದೆಗಿಳಿಯಿತು. ಕಷಾಯ ಕುಡಿದರು, ಆವಿ ತೆಗೆದುಕೊಂಡರು. ಒಂದು ಮಧ್ಯಾಹ್ನ ಅಡುಗೆಮನೆಯಿಂದ ಚಾವಡಿಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಂತರು. ಮಾತಾಡಲು ಬಾಯಿ ತೆರೆದರೆ ಉಸಿರು ಮಾತ್ರ ಬರುತ್ತಿತ್ತು. ತುಟಿಯ ಬಣ್ಣ ನೋಡಿ ಅನಿಷಾ ರಿಕ್ಷಾಕ್ಕೆ ಫೋನ್ ಮಾಡಿದಳು.

ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಅವರನ್ನು ನೇರ ಐ.ಸಿ.ಯು.ಗೆ ತೆಗೆದುಕೊಂಡರು. ಫ್ಲೂ ಬಂದು, ಅದರ ಬೆನ್ನಿಗೆ ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ. ಸಕ್ಕರೆ ಏರಿ ಹೋಗಿತ್ತು. ಬಸದಿಯ ಪೂಜೆಗೆ ವೇಣೂರಿನ ಕಡೆಯ ಶಶಿರಾಜ ಇಂದ್ರರನ್ನು ಬದಲಿಗೆ ಬರಹೇಳಿ ಮುನಿರಾಜರು ಆಸ್ಪತ್ರೆಯ ಬೆಂಚಿನಲ್ಲಿ ಕುಳಿತರು. ಸೂರ್ಯ ಮುಳುಗುವ ಮೊದಲು ಅನಿಷಾ ಮನೆಯಿಂದ ಬುತ್ತಿ ತಂದಳು. ಅವರು ಅದನ್ನು ತೆರೆಯಲಿಲ್ಲ.

ಡಾಕ್ಟರ್ ಸಬೀಹಾ ಬಂಟ್ವಾಳದವರು. ತಲೆಗೆ ಸೆರಗಿನಂತೆ ಸುತ್ತಿದ ಬಿಳಿ ಬಟ್ಟೆ, ಕುತ್ತಿಗೆಯಲ್ಲಿ ಸ್ಟೆತೊಸ್ಕೋಪು, ನಿಧಾನದ ಮಾತು. ಹೊರಗೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತೇ ಮಾತಾಡಿದರು.

"ಇವತ್ತು, ನಾಳೆ ಹೇಳ್ಲಿಕ್ಕೆ ಆಗುವುದಿಲ್ಲ ಇಂದ್ರರೇ. ಪ್ರಯತ್ನ ಮಾಡ್ತಾ ಇದ್ದೇವೆ. ಇವರು ಫ್ಲೂ ಇಂಜೆಕ್ಷನ್ ಯಾವಾಗಾದ್ರೂ ತೆಗೊಂಡಿದ್ರಾ? ನ್ಯುಮೋನಿಯಾದ್ದು?"

"ಇಲ್ಲ."

"ಕೋವಿಡ್‌ದು?"

"ಅದೂ ಇಲ್ಲ. ಸಕ್ಕರೆ, ಹೃದಯದ ತೊಂದರೆ ಇದ್ದವರಿಗೆ ಅದೆಲ್ಲ ಆಗುವುದಿಲ್ಲ ಅಲ್ವಾ ಡಾಕ್ಟ್ರೇ?"

"ಅಂಥವರಿಗೇ ಮೊದಲು ಬೇಕಾದ್ದು. ಆಗುವುದಿಲ್ಲ ಅಂತ ಯಾರು ಹೇಳಿದ್ದು ನಿಮಗೆ?"

ಅನಿಷಾ ನೆಲ ನೋಡಿದಳು. ಇಂದ್ರರು ಮೆಲ್ಲಗೆ, "ಯಾರೂ ಹೇಳಿದ್ದಲ್ಲ. ನಾನು ಅನುಭವಿಸಿದ್ದು" ಎಂದು ಆ ಬೆಳಿಗ್ಗೆಯ ಕತೆ ಹೇಳಿದರು. ಎಷ್ಟೋ ಸಲ ಹೇಳಿ ನುಣುಪಾದ ಕತೆ. ಆಸ್ಪತ್ರೆಯ ಫಿನಾಯಿಲ್ ವಾಸನೆಯ ನಡುವೆ ಮಾತ್ರ ಅದು ಮೊದಲಿನ ಹಾಗೆ ಹರಿಯಲಿಲ್ಲ.

ಡಾಕ್ಟರ್ ಪೂರ್ತಿ ಕೇಳಿದರು. "ಆ ದಿನ ಬೆಳಿಗ್ಗೆ ಎಂಥ ತಿಂದಿದ್ರಿ?"

"ಅಭಿಷೇಕಕ್ಕೆ ಮೊದಲು ಎಂಥ ತಿನ್ನುವುದು!"

"ಹಿಂದಿನ ರಾತ್ರಿ?"

"ರಾತ್ರಿ ಊಟ ನಮ್ಮಲ್ಲಿ ಇಲ್ಲ."

"ಹಿಂದಿನ ಹಗಲು?"

"ಅದು ಚತುರ್ದಶಿ. ಉಪವಾಸ."

"ಸಕ್ಕರೆ ಮಾತ್ರೆ?"

"ಮಾತ್ರೆಯನ್ನು ನಾನು ಒಂದು ದಿನ ತಪ್ಪಿಸಿದವನಲ್ಲ" ಎಂದರು ಇಂದ್ರರು. ಆ ಸಂಕಟದಲ್ಲಿಯೂ ಅವರ ಸ್ವರದಲ್ಲಿ ಸಣ್ಣದೊಂದು ಹೆಮ್ಮೆಯಿತ್ತು.

ಡಾಕ್ಟರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮೈ ಬಿಸಿ ಇತ್ತಾ ಆಗ? ಅಲ್ಲ ತಣ್ಣಗಿನ ಬೆವರಾ?"

"ಬೆವರು. ಬಾವಿಯಿಂದ ಆಗ ತಾನೆ ಎದ್ದು ಬಂದ ಹಾಗೆ ಒದ್ದೆ. ಕೈ ನಡುಗಿತು."

"ಇಂಜೆಕ್ಷನ್‌ನದ್ದಲ್ಲ ಅದು. ಅದಕ್ಕೆ ಜ್ವರ ಬರ್ಬಹುದು, ಕೈ ನೋಯ್ಬಹುದು. ನಿಮಗಾದದ್ದು ಬೇರೆ. ಹೊಟ್ಟೆಗೆ ಏನೂ ಇಲ್ಲ, ಮಾತ್ರೆ ಮಾತ್ರ ಒಳಗೆ ಹೋಗಿ ಸಕ್ಕರೆಯನ್ನು ಇಳಿಸ್ತಾ ಉಂಟು. ಹತ್ತು ಸಲ ತಡೆದ ಮೈ ಒಂದು ಸಲ ತಡೆಯುವುದಿಲ್ಲ. ನಮ್ಮುಮ್ಮ, ನನ್ನ ತಾಯಿ, ರಂಜಾನಿನ ಉಪವಾಸದಲ್ಲಿ ಹೀಗೆಯೇ ಬಿದ್ದದ್ದು, ಹಿತ್ತಿಲಲ್ಲಿ ಬಟ್ಟೆ ಒಗೆಯುವಾಗ. ನಾನು ಡಾಕ್ಟರಾಗಿದ್ದೆ ಆಗ. ನನ್ನತ್ರವೂ ಮಾತ್ರೆಯ ಸಂಗತಿ ಹೇಳಿರ್ಲಿಲ್ಲ ಅವರು." ಸ್ವಲ್ಪ ತಡೆದು ಕೇಳಿದರು, "ಬಾಯಿ ಸಿಹಿಯಾಯ್ತು ಅಂದ್ರಲ್ಲ, ಆಗ ಹತ್ತಿರ ಯಾರಿದ್ರು?"

"ಇವಳೇ" ಎಂದು ಇಂದ್ರರು ಐ.ಸಿ.ಯು.ವಿನ ಬಾಗಿಲು ನೋಡಿದರು.

ಡಾಕ್ಟರ್ ಏಳುವಾಗ ಅನಿಷಾ ಕೇಳಿದಳು, "ಇಂಜೆಕ್ಷನ್ ತೆಗೊಂಡಿದ್ರೆ ಅಮ್ಮನಿಗೆ ಹೀಗೆ ಆಗ್ತಿರ್ಲಿಲ್ವಾ ಮೇಡಂ?"

"ಜ್ವರ ಬರ್ತಲೇ ಇರ್ಲಿಲ್ಲ ಅಂತ ನಾನು ಹೇಳುವುದಿಲ್ಲ. ಇಷ್ಟು ಆಗುವ ಸಂಭವ ಕಡಿಮೆ ಇತ್ತು. ಈಗ ಅದನ್ನು ಯೋಚಿಸ್ಬೇಡಿ."

ಯೋಚಿಸದಿರುವುದು ಹೇಗೆ? ಬೆಂಚಿನಲ್ಲಿ ಕುಳಿತ ಇಂದ್ರರ ಕಣ್ಣ ಮುಂದೆ ಬಂದು ನಿಂತದ್ದು ಇಸ್ತ್ರಿಯ ಅಂಗಿ ಹಾಕಿದ ತುಕ್ರಪ್ಪ. 'ಬೇಡ' ಎಂದ ತನ್ನ ಸ್ವರ ತನಗೇ ಕೇಳಿಸಿತು. ಅವನು ವಾದ ಮಾಡಿರಲಿಲ್ಲ, ಇನ್ನೊಂದು ಪ್ರಶ್ನೆ ಕೇಳಿರಲಿಲ್ಲ. ತಲೆಯಾಡಿಸಿ, ಚಪ್ಪಲಿ ತಿರುಗಿಸಿ, ಮನೆಗೆ ಹೋಗಿದ್ದ.

ಕಮಲಾವತಿ ಉಳಿದರು. ಬಹಳ ಸಣ್ಣಗಾಗಿ, ಮೂಗಿಗೆ ಆಮ್ಲಜನಕದ ಕೊಳವೆಯೊಂದಿಗೆ, ವಾರ್ಡಿಗೆ ಬಂದರು. ಮೊದಮೊದಲು ಎರಡು ಮಾತಿಗೊಮ್ಮೆ ನಿಲ್ಲಬೇಕಾಗುತ್ತಿತ್ತು. ಇಂದ್ರರು ಕೇಳುವುದೋ ಬೇಡವೋ ಎಂದು ಕಾದರು. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತ, ಚಮಚವನ್ನೇ ನೋಡುತ್ತ ಕೇಳಿದರು.

"ನಾನು ಬಿದ್ದ ದಿನ ಬಾಯಿಗೆ ಎಂಥ ಹಾಕಿದ್ದು ನೀನು?"

ಕಮಲಾವತಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಹೊರಗೆ ಬಸ್ಸುಗಳ ಹಾರ್ನು.

"ಬೆಲ್ಲದ ನೀರು."

"ಗಂಧೋದಕ?"

"ತಲೆಗೆ ಹಾಕಿದ್ದು ಅದು. ಬಾಯಿಗೆ ಬೆಲ್ಲ. ನಮ್ಮಪ್ಪನಿಗೂ ಹೀಗೆ ಆಗ್ತಿತ್ತು, ನಾನು ನೋಡಿದವಳು. ಅಡುಗೆಮನೆಗೆ ಓಡಿ ಹೋಗಿ ಬೆಲ್ಲ ಕದಡಿ ತಂದೆ."

"ಪಾರಣೆಗೆ ಮೊದಲು?"

"ಹೌದು. ನಿಮ್ಮ ವ್ರತ ಅವತ್ತೇ ಮುರಿದದ್ದು. ನನ್ನ ಕೈಯಿಂದ." ಉಸಿರು ತೆಗೆದುಕೊಳ್ಳಲು ನಿಂತರು. "ಎದ್ದು ಕೂತವರೇ ಅಮ್ಮ ಬಾಯಿ ಸಿಹಿ ಮಾಡಿದಳು ಅಂತ ಅತ್ತುಬಿಟ್ರಿ ನೀವು. ಆಗ ಹೇಗೆ ಹೇಳ್ಲಿ? ಆಮೇಲೆ ಜನ ಬಂದ್ರು. ಕೈ ಮುಗಿದ್ರು. ದಿನ ಹೋದ ಹಾಗೆ ಇನ್ನೂ ಕಷ್ಟ ಆಯ್ತು."

"ಇಂಜೆಕ್ಷನ್‌ನಿಂದ ಅಲ್ಲ ಅಂತ ಗೊತ್ತಿತ್ತು ನಿನಗೆ."

"ಗೊತ್ತಿತ್ತು. ಹೇಳಿದ್ರೆ ಡಾಕ್ಟ್ರು ಉಪವಾಸ ಬಿಡಿ ಅಂತಾರೆ. ನೀವು ಅದನ್ನು ಬಿಟ್ಟರೆ ಅರ್ಧ ಜೀವ ಆಗ್ತೀರಿ. ಒಂದು ಇಂಜೆಕ್ಷನ್ ಬಿಟ್ರೆ ಎಂಥ ಆದೀತು ಅಂತ ಗ್ರಹಿಸಿದೆ."

"ಅದಕ್ಕೆ ನೀನೂ ತೆಗೊಳ್ಳಲಿಲ್ಲ."

"ನಾನು ತೆಗೊಂಡು ಗಟ್ಟಿಯಾಗಿ ಓಡಾಡಿದ್ರೆ ನಿಮ್ಮ ಮಾತು ಸುಳ್ಳಾಗ್ತಿತ್ತಲ್ಲ."

ಇಂದ್ರರು ಗಂಜಿಯ ಬಟ್ಟಲನ್ನು ಕೆಳಗಿಟ್ಟರು. ಹೆಂಡತಿಯ ಮೇಲೆ ಸಿಟ್ಟು ಬರಲಿ ಎಂದು ಸ್ವಲ್ಪ ಹೊತ್ತು ಕಾದರು. ಬರಲಿಲ್ಲ. ಕೊನೆಗೆ ಅವರೇ ಹೇಳಿದರು, "ನಾನು ತುಕ್ರಪ್ಪನಿಗೆ ಬೇಡ ಅಂದೆ."

"ಗೊತ್ತುಂಟು. ಅವನ ಸುದ್ದಿ ಬಂದ ದಿನದಿಂದ ನಾನು ರಾಜೀವಿಯ ಮುಖ ನೋಡಿಲ್ಲ ಸರಿಯಾಗಿ."

ಮನೆಗೆ ಕಳಿಸುವಾಗ, ಬೆಲ್ಲದ ನೀರಿನ ಸಂಗತಿಯನ್ನೂ ಕೇಳಿಕೊಂಡು, ಡಾಕ್ಟರ್ ಸಬೀಹಾ ಎಲ್ಲವನ್ನೂ ಬಿಡಿಸಿ ಹೇಳಿದರು. ಕಮಲಾವತಿಗೆ ಎದೆ ಪೂರ್ತಿ ತಿಳಿಯಾದ ಮೇಲೆ ಫ್ಲೂ, ನ್ಯುಮೋನಿಯಾದ ಲಸಿಕೆಗಳು. ಇಂದ್ರರಿಗೆ ಈಗಲೇ. ಮಾತ್ರೆ ನುಂಗಿ ಉಪವಾಸ ಮಾಡುವಂತಿಲ್ಲ. ಮಾತ್ರೆ ಬಿಟ್ಟು ಮಾಡುವಂತೆಯೂ ಇಲ್ಲ. "ದೇವರ ಮತ್ತು ನಿಮ್ಮ ನಡುವೆ ಬರುವವಳು ನಾನಲ್ಲ. ಆದ್ರೆ ಮುಂದಿನ ಸಲ ಬಿದ್ದಾಗ ಬೆಲ್ಲ ತರ್ಲಿಕ್ಕೆ ಇವರು ಓಡುವ ಹಾಗಿಲ್ಲ" ಎಂದರು. ಇಂದ್ರರು ಆ ದಿನವೇ ತೋಳು ಕೊಟ್ಟರು. ಸಂಜೆ ಮೈ ಸ್ವಲ್ಪ ಬಿಸಿಯಾಯಿತು, ಕೈ ನೋಯಿತು, ಬೆಳಿಗ್ಗೆ ಬಸದಿಗೆ ಹೋದರು.

ಚತುರ್ದಶಿ ಬಂತು. ಅನಿಷಾ ಎರಡು ಇಡ್ಲಿ, ಸ್ವಲ್ಪ ಚಟ್ನಿ ಬಡಿಸಿ ಒಳಗಿನ ಕೋಣೆಯಲ್ಲಿ ಇಟ್ಟಳು. "ಬಾಗಿಲು ಎಳೆದುಕೊಳ್ತೇನೆ ಅಪ್ಪ" ಎಂದಳು. ಇಂದ್ರರು ತಟ್ಟೆ ಎತ್ತಿಕೊಂಡು ಹೊರಗಿನ ಜಗಲಿಗೆ ಬಂದು ಕುಳಿತರು. ಮೊದಲ ತುತ್ತನ್ನು ನೀರು ಕುಡಿದು ಇಳಿಸಿದರು. ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳದೆ ಎರಡನೆಯದನ್ನು ಮುರಿದರು.

ಮುಂಡಪ್ಪ ಶೆಟ್ಟರು ಡೇರಿಗೆ ಹಾಲು ಕೊಟ್ಟು ಸ್ಕೂಟರಿನಲ್ಲಿ ಬರುತ್ತಿದ್ದವರು ಅಂಗಳದಲ್ಲಿ ಬ್ರೇಕು ಹಾಕಿದರು. ಪುಣೆಯಲ್ಲಿ ಹೋಟೆಲು ನಡೆಸಿ, ಹೃದಯಕ್ಕೆ ಸ್ಟೆಂಟು ಹಾಕಿಸಿಕೊಂಡು ಊರಿಗೆ ಬಂದವರು. ಸಕ್ಕರೆಯೂ ಇತ್ತು. ಪೂಜೆಗೆ ಹೂವಿನ ಜತೆ ಒಂದು ತಮಾಷೆ ತರದೆ ಅವರು ಬಸದಿಗೆ ಬಂದವರಲ್ಲ.

"ಇದೆಂಥ ಇಂದ್ರರೇ! ಪಂಚಾಂಗ ನನ್ನದು ತಪ್ಪಿದ್ದಾ, ನಿಮ್ಮದಾ?"

"ನಿಮ್ಮದು ಸರಿ ಉಂಟು ಶೆಟ್ರೇ. ಇವತ್ತು ಚತುರ್ದಶಿಯೇ. ಕೂತ್ಕೊಳ್ಳಿ, ಒಂದು ವಿಷಯ ಉಂಟು."

ಹೇಳಿದರು. ಮಾತ್ರೆ, ಖಾಲಿ ಹೊಟ್ಟೆ, ಬೆಲ್ಲದ ನೀರು, ಎಲ್ಲ. ಶೆಟ್ಟರು ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟು ಕೇಳಿದರು. ಕೇಳಿ ಮುಗಿದ ಮೇಲೆ ನಕ್ಕರು.

"ಬೆಲ್ಲವೇ ಇರ್ಲಿ ಮಾರಾಯ್ರೇ. ಆ ಹೊತ್ತಿಗೆ ಬೆಲ್ಲ ತರುವ ಬುದ್ಧಿ ಅಕ್ಕನಿಗೆ ಯಾರು ಕೊಟ್ಟದ್ದು? ಅಮ್ಮನೇ."

"ಶೆಟ್ರೇ, ನಾನು ಹೇಳ್ತಿರುವುದು ಇಂಜೆಕ್ಷನ್‌ನ ವಿಷಯ. ಅದರಿಂದ ಏನೂ ಆಗಿರ್ಲಿಲ್ಲ. ಈಗ ಫ್ಲೂದ್ದು ನೀವು ತೆಗೊಳ್ಳಿ. ನಿಮಗೆ ಸ್ಟೆಂಟ್ ಉಂಟು, ಶುಗರ್ ಉಂಟು."

"ಇಷ್ಟು ವರ್ಷ ನಿಮ್ಮ ಮಾತು ಕೇಳಿ ಬದುಕಿದ್ದೇನೆ. ಈಗ ನಿಮ್ಮ ಮಾತು ಕೇಳಿ ಸಾಯುವುದಾ?" ಎಂದು ಎದ್ದರು. "ಅಕ್ಕನಿಗೆ ಹುಷಾರಿಲ್ಲದೆ ನಿಮ್ಮ ಮನಸ್ಸು ಸರಿ ಇಲ್ಲ. ಆ ಡಾಕ್ಟ್ರು ತಲೆಗೆ ಎಂಥದೋ ತುಂಬಿಸಿದ್ದಾರೆ. ಉಪವಾಸ ಬಿಡ್ಬೇಡಿ ಇಂದ್ರರೇ, ಊರಿಗೆ ಒಳ್ಳೆದಲ್ಲ."

ಸ್ಕೂಟರು ಹೋಯಿತು. ಇಂದ್ರರು ಅದು ಹೋದ ದಾರಿಯನ್ನೇ ನೋಡುತ್ತ ಕುಳಿತರು. ತಾನು ಅರೆ ಎಚ್ಚರದಲ್ಲಿ ಕಂಡದ್ದನ್ನು ಊರು ಅಂದು ಒಂದೇ ಸಲಕ್ಕೆ ನಂಬಿತ್ತು. ಇಂದು ಪೂರ್ತಿ ಎಚ್ಚರದಲ್ಲಿ, ಎಂಜಲು ಕೈಯಲ್ಲಿ ಹೇಳಿದ್ದು ಅಂಗಳ ದಾಟಲಿಲ್ಲ.

ಒಳಗಿಂದ ಕಮಲಾವತಿ ಕರೆದರು. ದಿಂಬಿಗೆ ಒರಗಿ ಕುಳಿತಿದ್ದರು.

"ಶೆಟ್ರತ್ರ ಹೇಳಿದ್ದು ಕೇಳಿತು. ಇನ್ನು ರಾಜೀವಿಯ ಮನೆಗೆ ಹೋಗ್ಬೇಡಿ."

ಇಂದ್ರರು ಕೈ ತೊಳೆದು ಬಂದು ಅಂಗಿ ಹಾಕಿಕೊಳ್ಳುತ್ತಿದ್ದರು.

"ಹೇಳಿ ಎಂಥ ಮಾಡ್ಲಿಕ್ಕುಂಟು ಈಗ? ತುಕ್ರಪ್ಪ ಬರ್ತಾನಾ? ಆ ಹೆಂಗಸು ಹೇಗೋ ಸಮಾಧಾನ ಮಾಡ್ಕೊಂಡಿದ್ದಾಳೆ."

"ಅವಳಿಗೂ ಶುಗರ್ ಉಂಟು ಕಮಲಾ. ಹೊಗೆಸೊಪ್ಪಿನ ಧೂಳು ಕುಡಿದು ಕುಡಿದು ದಮ್ಮು ಬೇರೆ. ಇನ್ನೊಂದು ಮಳೆಗಾಲ ಅವಳ ಎದೆ ತಡೆಯುತ್ತದಾ?"

ಕಮಲಾವತಿ ದಿಂಬನ್ನು ಸರಿಮಾಡಿಕೊಂಡರು. "ಕೊಡೆ ತೆಗೊಂಡು ಹೋಗಿ" ಎಂದರು.

ರಾಜೀವಿಯ ಮನೆ ಗದ್ದೆಯ ಆಚೆ ಬದಿ. ಇಂದ್ರರು ಅಂಗಳಕ್ಕೆ ಕಾಲಿಡುವಾಗ ಅವಳು ಬಾಗಿಲ ಬಳಿಯ ಬೆಳಕಿಗೆ ಕುಳಿತು ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು. ನಡುನಡುವೆ ಕೆಮ್ಮುತ್ತಿದ್ದಳು. ಬಸದಿಯ ಇಂದ್ರರು ಮನೆಗೆ ಬಂದದ್ದು ನೋಡಿ ಮೊರ ಇಳಿಸಿ ಏಳಹೊರಟಳು.

"ಏಳ್ಬೇಡ. ನಾನು ಇಲ್ಲಿ ಕೂತುಕೊಳ್ತೇನೆ."

"ಅಮ್ಮನವರು ಹೇಗಿದ್ದಾರೆ ಇಂದ್ರರೇ? ಬರ್ಬೇಕು ಅಂತ ಇದ್ದೆ. ಕಂಪೆನಿಯ ಬ್ರಾಂಚಿಗೆ ಬೀಡಿ ಕೊಡ್ಲಿಕ್ಕಿತ್ತು."

"ಸುಧಾರಿಸ್ತಾ ಇದ್ದಾಳೆ." ಜಗಲಿಯ ಅಂಚಿನಲ್ಲಿ ಕುಳಿತು ಇಂದ್ರರು ಕೊಡೆಯ ನೀರು ಸೋರುವುದನ್ನು ನೋಡಿದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ ನೇರ ಹೇಳಿದರು. ತಾನು ಬಿದ್ದದ್ದು ಯಾಕೆ ಎಂದು ಹೇಳಿದರು. ಬಾಯಿಯ ಸಿಹಿ ಯಾವುದೆಂದು ಹೇಳಿದರು. ನಿನ್ನಣ್ಣನನ್ನು ದಾರಿಯಿಂದ ತಿರುಗಿಸಿದ ಮಾತು ತಪ್ಪು ಎಂದು ಹೇಳಿದರು. ಇವೆಲ್ಲ ಹೇಳುವಾಗ ರಾಜೀವಿಯ ಬೆರಳುಗಳು ನಿಲ್ಲಲಿಲ್ಲ. ಎಲೆ ಸುತ್ತುತ್ತಿದ್ದವು, ನೂಲು ಬಿಗಿಯುತ್ತಿದ್ದವು. ಕೊನೆಯ ಮಾತಿಗೆ ಒಂದು ಬೀಡಿ ಅರ್ಧ ಸುತ್ತಿದಲ್ಲೇ ಬಿಚ್ಚಿಕೊಂಡಿತು.

"ಹಾಗಾದ್ರೆ ಅವನು ತೆಗೊಳ್ಬಹುದಿತ್ತು" ಎಂದಳು.

"ತೆಗೊಳ್ಬಹುದಿತ್ತು."

"ತೆಗೊಂಡಿದ್ರೆ?"

"ಉಳಿತಿದ್ದ ಅಂತ ಖಂಡಿತ ಹೇಳ್ಲಿಕ್ಕೆ ನನಗೆ ಗೊತ್ತಿಲ್ಲ. ಉಳಿಯಲೂಬಹುದಿತ್ತು."

ರಾಜೀವಿ ಬಿಚ್ಚಿಹೋದ ಎಲೆಯನ್ನು ನೇರ್ಪಡಿಸಿದಳು. ಮತ್ತೆ ಸುತ್ತಲು ಹೋದಳು, ಎಲೆ ಸೀಳಿತು.

"ಅವತ್ತು ಅವನು ಹಿಂದೆ ಬಂದಾಗ ನಾನು ಬೈದೆ ಇಂದ್ರರೇ. ಯಾಕೆ ಬಂದದ್ದು, ಹೆದರಿದ್ದಾ ಅಂತ ತಮಾಷೆ ಮಾಡಿದೆ. ಇಂದ್ರರು ಹೇಳಿದ್ರು ಅಂದ. 'ಇಂದ್ರರು ಹೇಳಿದ್ದಾ? ಹಾಗಾದ್ರೆ ಸರಿ' ಅಂದೆ. ನಾನೂ ಹೋಗ್ಲಿಲ್ಲ." ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಆಯುಷ್ಯ ಮುಗಿದಿತ್ತು, ದೇವರು ಕೊಂಡುಹೋದ ಅಂತ ನನಗೆ ನಾನೇ ಹೇಳ್ತಾ ಇದ್ದೆ. ರಾತ್ರಿ ನಿದ್ದೆ ಬರ್ತಿತ್ತು. ಅದನ್ನೂ ಇವತ್ತು ತೆಗೊಂಡು ಹೋಗ್ಲಿಕ್ಕೆ ಬಂದ್ರಾ?"

ಇಂದ್ರರು ಕೈ ಮುಗಿಯೋಣವೆಂದರೆ ತನಗೇ ಎಷ್ಟು ಜನ ಕೈ ಮುಗಿದಿದ್ದರು ಎಂಬುದು ನೆನಪಾಗಿ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. ಗದ್ದೆಯ ನೀರಿನಲ್ಲಿ ಕಪ್ಪೆಗಳು ಕೂಗುತ್ತಿದ್ದವು. ರಾಜೀವಿಗೆ ಕೆಮ್ಮು ಬಂತು. ಉದ್ದದ ಕೆಮ್ಮು, ಬೆನ್ನು ಬಾಗಿಸುವಂಥದ್ದು. ಅದು ನಿಲ್ಲುವವರೆಗೆ ಇಬ್ಬರೂ ಕಾದರು.

"ನಿನಗೂ ಅದೇ ಕಾಯಿಲೆ ಉಂಟು ರಾಜೀವಿ. ಎದೆಯೂ ಸರಿ ಇಲ್ಲ. ಫ್ಲೂ, ನ್ಯುಮೋನಿಯಾದ ಇಂಜೆಕ್ಷನ್ ನೀನು ತೆಗೊಳ್ಬೇಕು. ಅದನ್ನು ಹೇಳ್ಲಿಕ್ಕೆ ಬಂದದ್ದು. ನನ್ನ ಮಾತು ಕೇಳು ಅಂತ ಹೇಳುವ ಮುಖ ನನಗಿಲ್ಲ. ಡಾಕ್ಟ್ರಿದ್ದಾರೆ, ಅವರತ್ರ ಕೇಳು."

ರಾಜೀವಿ ಕಟ್ಟಿದ ಬೀಡಿಗಳನ್ನು ಒಂದು ಕಡೆ ಸರಿಸಿ, ಹಾಳಾದ ಎಲೆಗಳನ್ನು ಬೇರೆ ಮಾಡಿ, ಮೊರವನ್ನು ಬದಿಗಿಟ್ಟಳು. ಎದ್ದು ಒಳಗೆ ಹೋದಳು. ಇನ್ನು ಹೊರಗೆ ಬರುವುದಿಲ್ಲವೆಂದುಕೊಂಡು ಇಂದ್ರರು ಕೊಡೆ ಬಿಚ್ಚಿ ಅಂಗಳಕ್ಕಿಳಿದರು. ಆಗ ಒಳಗಿನ ಕತ್ತಲಿಂದ ಸ್ವರ ಬಂತು.

"ಯಾವ ದಿನ ಹೋಗ್ಬೇಕು ಅಂತ ಅನಿಷಾನತ್ರ ಹೇಳಿ ಕಳಿಸಿ. ಅವಳೊಟ್ಟಿಗೆ ಹೋಗ್ತೇನೆ." ಮತ್ತೆ ಸ್ವಲ್ಪ ತಡೆದು, "ನೀವು ಬರ್ಬೇಡಿ ಇಂದ್ರರೇ" ಎಂದಿತು.

"ಆಯ್ತು" ಎಂದು ಇಂದ್ರರು ಗದ್ದೆಯ ಹುಣಿಯ ಕಾಲುದಾರಿ ಹಿಡಿದರು.